ಮೇಡಂ ಬರದ ರಿಸೆಪ್ಷನ್

ಸ್ಟುಡಿಯೋ
ತಾ. ೧೪, ಮಂಗಳವಾರ ಬೆಳಗ್ಗೆ

ಪ್ರೀತಿಯ ಮೇಡಂ,

ಊರೆಲ್ಲ ನಿನ್ನನ್ನು ಹಾಗೇ ಕರೆಯುವಾಗ ಕಟ್ಟಿಕೊಂಡ ಗಂಡನೊಬ್ಬ ಯಾಕೆ ಹಿಂದೆ ಬೀಳಬೇಕು? ಅತ್ತೆಯ ಸೊಂಟ ಈಗ ಹೇಗಿದೆ? ಕೋಲು ಹಿಡಿದು ಬಾಗಿಲವರೆಗೆ ನಡೆದರು ಎಂದು ನೀನು ಬರೆದಿದ್ದೆ, ಓದಿ ಸಮಾಧಾನವಾಯಿತು. ಅವರನ್ನು ನೋಡಿಕೊಳ್ಳುವ ಭರದಲ್ಲಿ ನೀನು ಊಟ ತಪ್ಪಿಸಬೇಡ. ನಾನು ತಪ್ಪಿಸುತ್ತಿಲ್ಲ, ನನ್ನ ಅಡುಗೆಯ ರುಚಿ ಮಾತ್ರ ಕೇಳಬೇಡ.

ಭಾನುವಾರದ ರಿಸೆಪ್ಷನ್ ಮುಗಿಯಿತು. ಊರಾಚೆಯ ಆ ಹೋಟೆಲು ನಿನಗೆ ಗೊತ್ತಲ್ಲ, ಮುಂದೆ ಹುಲ್ಲುಹಾಸು, ಒಳಗೆ ಕಿರುಗುಟ್ಟುವ ಮರದ ಮೆಟ್ಟಿಲು. ಈ ವರ್ಷದ ಮದುವೆಗಳಿಗೆಲ್ಲ ಒಬ್ಬರೇ ಫೋಟೋಗ್ರಾಫರನ್ನು ಗೊತ್ತುಮಾಡಿಕೊಳ್ಳುತ್ತೇವೆ, ಭಾನುವಾರದ ಕೆಲಸ ನೋಡಿ ಹೇಳುತ್ತೇವೆ ಎಂದು ಮ್ಯಾನೇಜರ್ ಮೊದಲೇ ತಿಳಿಸಿದ್ದರು. ನಿನಗೆ ಬರಲಾಗುವುದಿಲ್ಲ ಎಂದಾಗ ನಾನು ಮುಖ ಸಪ್ಪೆ ಮಾಡಿಕೊಂಡೆನಲ್ಲ, ಒಳಗೊಳಗೇ ಖುಷಿಯಾಗಿತ್ತು. ಹನ್ನೊಂದು ವರ್ಷ ನಿನ್ನ ಪಕ್ಕದಲ್ಲಿ ಲೈಟು ಹಿಡಿದು ನಿಂತವನು ನಾನು. ಒಂದು ಸಲವಾದರೂ ಕ್ಯಾಮೆರಾ ನನ್ನ ಕೈಗೆ ಬರಲಿ, ಆಮೇಲೆ ಯಾರು ಏನನ್ನುತ್ತಾರೋ ನೋಡೋಣ ಅಂದುಕೊಂಡೆ.

ಲೈಟು ಹಿಡಿಯಲು ಪಕ್ಕದಂಗಡಿಯ ಟೈಲರನ್ನು ಕರೆದುಕೊಂಡು ಹೋದೆ. ಗೇಟಿನಲ್ಲೇ ಶುರುವಾಯಿತು. ಕಾವಲುಗಾರ ನನ್ನ ಹೆಗಲ ಮೇಲಿಂದ ಇಣುಕಿ ಮೇಡಂ ಎಲ್ಲಿ ಎಂದ. ಮದುಮಗಳ ತಾಯಿಯೂ ಅದನ್ನೇ ಕೇಳಿದರು. ಅಡುಗೆಯವರಂತೂ ನಿನಗೆಂದು ಒಂದು ತಟ್ಟೆ ಬೇರೆ ಎತ್ತಿಟ್ಟಿದ್ದರು. ಹನ್ನೊಂದು ವರ್ಷದಲ್ಲಿ ನನಗೆ ಯಾರೂ ಒಂದು ಲೋಟ ನೀರು ಎತ್ತಿಟ್ಟಿದ್ದಿಲ್ಲ. ಹೊಟ್ಟೆ ಉರಿಯಿತು ಕಣೇ. ಹೆಂಡತಿಯ ಮೇಲೂ ಹೊಟ್ಟೆಕಿಚ್ಚೇ ಎಂದು ನಗುತ್ತೀಯೇನೋ, ನಗು. ನನಗಂತೂ ನಗು ಬರಲಿಲ್ಲ.

ನೀನು ಯಾರಿಗೂ ನಗಿ ಅನ್ನುವುದಿಲ್ಲ. ಕ್ಯಾಮೆರಾ ಇಳಿಸಿ, ಊಟ ಹೇಗಿತ್ತು ಎಂದು ವಿಚಾರಿಸಿ, ಅವರು ಉತ್ತರಿಸುವಷ್ಟರಲ್ಲಿ ಕ್ಲಿಕ್ಕಿಸಿಬಿಡುತ್ತೀ. ಇದೇನು ಮಹಾ ವಿದ್ಯೆ ಎಂದು ನಾನೂ ಮದುಮಗನ ಸೋದರತ್ತೆಯನ್ನು ಕೇಳಿದೆ. ಆಕೆ ಉಪ್ಪು ಸಾಲದು ಎಂದು ಶುರುಮಾಡಿ ಬೀಗರ ಜಿಪುಣತನದವರೆಗೆ ಹೋದರು. ಬೀಗರು ಹಿಂದೆಯೇ ನಿಂತಿದ್ದರು. ಅಲ್ಲಿಂದ ಮುಂದೆ ತೆಗೆದ ಫೋಟೋಗಳಲ್ಲಿ ಯಾರ ಮುಖದಲ್ಲೂ ಗೆಲುವಿಲ್ಲ.

ಆಮೇಲೆ ಮೆಟ್ಟಿಲ ಮೇಲೆ ಎರಡೂ ಮನೆಯವರ ದೊಡ್ಡ ಫೋಟೋ. ಮದುಮಗನ ಅಜ್ಜನಿಗೆ ರೈಲಿನ ಹೊತ್ತಾಗಿತ್ತು. ತೆಗೆದರೆ ಆಗಲೇ ತೆಗೆಯಬೇಕು. ಟೈಲರ್ ಲೈಟನ್ನು ಇಸ್ತ್ರಿಪೆಟ್ಟಿಗೆಯ ಹಾಗೆ ಹಿಡಿದಿದ್ದ. ನನಗೆ ತಡೆಯಲಾಗಲಿಲ್ಲ. ಎಡಕ್ಕೆ, ಇನ್ನೂ ಸ್ವಲ್ಪ ಮೇಲಕ್ಕೆ ಎನ್ನುತ್ತ, ಗೋಡೆಯ ಮೇಲಿನ ನೆರಳನ್ನೇ ನೋಡುತ್ತ ಎಂಟು ಸಲ ಕ್ಲಿಕ್ಕಿಸಿದೆ. ಮನೆಗೆ ಬಂದು ನೋಡಿದರೆ ನೆರಳಿನ ಸುಳಿವಿಲ್ಲ, ನಲವತ್ತು ಜನರ ಮೇಲೂ ಒಂದೇ ಸಮನಾದ ಬೆಳಕು. ಎಂಟರಲ್ಲೂ ಮದುಮಗಳ ಕಣ್ಣು ಮುಚ್ಚಿದೆ. ಲೈಟು ನೇರ ಅವಳ ಕಣ್ಣಿಗೇ ಹೊಡೆಯುತ್ತಿತ್ತು, ಎಂಟು ಸಲವೂ ನಾನು ಅವಳ ಮುಖ ನೋಡಿರಲಿಲ್ಲ.

ನಿನ್ನೆ ಮ್ಯಾನೇಜರ್ ಸ್ಟುಡಿಯೋಗೆ ಬಂದು ಒಂದೊಂದನ್ನೇ ನೋಡಿದರು. ಮನಸ್ಸು ನೋಯಿಸುವ ಮನುಷ್ಯನಲ್ಲ. "ಬೆಳಕೇನೋ ಚೆನ್ನಾಗಿದೆ," ಅಂದರು. "ಮೇಡಂ ಯಾವಾಗ ಬರ್ತಾರೆ?" ಏನೋ ಒಂದು ಹೇಳಿ ಕಳಿಸಿದೆ.

ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಮೆಟ್ಟಿಲು ಹತ್ತಲು ಆತುರಪಡಬೇಡಿ ಎಂದು ಅಳಿಯ ಗದರಿದ ಅಂತ ಹೇಳು.

ನಿನ್ನ
ಲೈಟಿನವನು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ, ಫೋನಿನಲ್ಲಿ ಹೇಳಲು ನಾಲಿಗೆಯೂ ಏಳಲಿಲ್ಲ. ಅಂಚೆಯ ಹೊತ್ತಾಯಿತು, ಚುಟುಕಾಗಿ ಬರೆಯುತ್ತೇನೆ. ಮೇಡಂ ಕೆಲಸ ಬಿಟ್ಟಿದ್ದಾರೆ, ಇನ್ನು ಕ್ಯಾಮೆರಾ ಮುಟ್ಟುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿಬಿಟ್ಟೆ. ಅವರು ಕುಡಿಯುತ್ತಿದ್ದ ಟೀಯನ್ನು ಅಲ್ಲೇ ಇಟ್ಟು ಎದ್ದರು. ಬರುವ ಸೋಮವಾರ ಬೇರೆಯವರನ್ನು ಗೊತ್ತುಮಾಡುತ್ತಾರಂತೆ. ಅವರ ನಂಬರ್ ಲಕೋಟೆಯ ಹಿಂದೆ ಬರೆದಿದ್ದೇನೆ. ಪತ್ರ ಸಿಕ್ಕ ಕೂಡಲೇ ಫೋನ್ ಮಾಡಿ, ಗಂಡ ಸುಳ್ಳು ಹೇಳಿದ ಎಂದು ನೀನೇ ತಿಳಿಸಿ ಕೆಲಸ ಒಪ್ಪಿಕೋ. ಲೈಟು ಯಾರು ಹಿಡಿಯುತ್ತಾರೆ ಎಂದು ಅವರು ಕೇಳುವುದಿಲ್ಲ, ಇದುವರೆಗೆ ಯಾರೂ ಕೇಳಿದ್ದಿಲ್ಲ. ಕೇಳದಿದ್ದರೂ ಒಮ್ಮೆ ನನ್ನ ಹೆಸರು ಹೇಳು.