ಹುಟ್ಟುಹಬ್ಬಕ್ಕೊಂದು ಚಿಲಕ

ಮಕ್ಕಳ ರಕ್ಷಣಾಧಿಕಾರಿ ಮೇಡಂ ಅವರಿಗೆ,

ನೀವು ನನ್ನ ಮನೆಯಲ್ಲಿ ಸಾಕಲು ಬಿಟ್ಟ ಹುಡುಗಿ ಶಾಲೆಗೆ ಹೋಗುತ್ತಿದ್ದಾಳೆ. ಹೋದ ಭೇಟಿಯಲ್ಲಿ, ನನ್ನ ತಮ್ಮ ಅವಳ ಪಕ್ಕದಲ್ಲೇ ಕೂತಿದ್ದಾಗ, "ಚೆನ್ನಾಗಿದ್ದೀಯೇನಮ್ಮಾ?" ಎಂದು ಕೇಳಿದಿರಿ. ಅವಳು "ಹೂಂ" ಅಂದಳು. ನೀವು ಬರೆದುಕೊಂಡಿರಿ, ನಾನು ನಂಬಿದೆ.

ಮೊನ್ನೆ ಹುಟ್ಟುಹಬ್ಬಕ್ಕೆ ಏನು ಬೇಕೆಂದು ಕೇಳಿದೆ. "ದೊಡ್ಡಮ್ಮಾ, ಬಚ್ಚಲುಮನೆಗೆ ಒಳಗಿಂದ ಚಿಲಕ ಹಾಕಿಸ್ತೀರಾ? ಮಾಮ ಬಂದ್ಬಿಡ್ತಾರೆ" ಅಂದಳು. ಹತ್ತು ವರ್ಷದ ಮಗು ಕೇಳುವ ಉಡುಗೊರೆಯೇ ಇದು!

ಚಿಲಕ ಅಂದೇ ಹಾಕಿಸಿದೆ. ತಮ್ಮನನ್ನು ಮನೆಯಿಂದ ಹೊರಗೆ ಹಾಕಿದೆ. "ಯಾರದೋ ಮಗೂಗೋಸ್ಕರ ನನ್ನನ್ನೇ ಓಡಿಸ್ತೀಯಾ ಅಕ್ಕಾ?" ಅಂದ. ನಾನು ಅವನ ಚೀಲವನ್ನು ಹೊಸ್ತಿಲಾಚೆ ಇಟ್ಟೆ.

ಇನ್ನುಮುಂದೆ ಫೋನ್ ಮಾಡದೆ ಬನ್ನಿ. ಶಾಲೆಯಲ್ಲಿ ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿ, ನಾನೂ ಅಲ್ಲಿರಬಾರದು.

ಪೊಲೀಸ್ ದೂರಿಗೆ ಬೇಕಾಗುವ ತಮ್ಮನ ಈಗಿನ ವಿಳಾಸವನ್ನು ಹಾಳೆಯ ಹಿಂದೆ ಬರೆದಿದ್ದೇನೆ.

ಇಂತಿ,
ಹುಡುಗಿಯ ಸಾಕುತಾಯಿ