ಅತ್ತೆಯ ಮನೆ ಶಾಲೆಯ ಹಿಂದೆಯೇ ಇತ್ತು

ಅಪ್ಪಾ,

ನಿನ್ನೆ ನಿಮ್ಮ ಊರಿಗೆ ಹೋಗಿದ್ದೆ. ಅಲ್ಲಿ ನಮ್ಮವರು ಯಾರೂ ಇಲ್ಲ ಎಂದು ನೀವು ಯಾವಾಗಲೂ ಹೇಳುತ್ತಿದ್ದಿರಿ. ಮುತ್ತಾತನ ಹೆಸರು ಹುಡುಕೋಣವೆಂದು ಶಾಲೆಯ ಹಳೆಯ ದಾಖಲಾತಿ ಪುಸ್ತಕ ತೆಗೆಸಿದರೆ, ನಿಮ್ಮ ಹೆಸರಿನ ಕೆಳಗೆ ಅದೇ ತಂದೆಯ ಹೆಸರಿರುವ ಹುಡುಗಿ, ನಿಮಗೊಬ್ಬ ತಂಗಿ!

"ಟೈಲರಮ್ಮ ತಾನೆ? ಇಲ್ಲೇ ಹಿಂದ್ಗಡೆ ಮನೆ," ಎಂದರು ಮೇಷ್ಟ್ರು.

ಅತ್ತೆ ಹೊಲಿಗೆ ನಿಲ್ಲಿಸಿ ನನ್ನನ್ನೇ ನೋಡಿದರು. "ಅಣ್ಣನ ಥರಾನೇ ಒಂದು ಕಾಲ ಮೇಲೆ ಭಾರ ಹಾಕಿ ನಿಂತಿದ್ದೀಯಲ್ಲ! ಅವನು ಬರಲಿಲ್ವಾ?"

"ಮಂಡಿ ನೋವು ಅತ್ತೆ," ಎಂದುಬಿಟ್ಟೆ.

"ಇಷ್ಟಪಟ್ಟವನನ್ನ ಮದುವೆಯಾದೆ ಅಂತ ನಲವತ್ತು ವರ್ಷ ಮಾತು ಬಿಟ್ಟ. ನಂಗೇನೂ ಕೋಪ ಇಲ್ಲ ಅಂತ ಹೇಳಮ್ಮಾ. ಮುಂದಿನ ಸಲ ಕರ್ಕೊಂಡು ಬಾ."

ಹೂಂ ಎಂದೆ. ನೀವು ತೀರಿಕೊಂಡು ಎಂಟು ತಿಂಗಳಾಯಿತು ಎನ್ನಲು ಬಾಯೇ ಬರಲಿಲ್ಲ.

ಭಾನುವಾರ ಮತ್ತೆ ಹೋಗುತ್ತೇನೆ, ಒಬ್ಬಳೇ.