ಎಡಗಡೆ ಒಂದು ಬೆರಳು ಹೆಚ್ಚು

ತಾ. 3, ಸೋಮವಾರ, ಸಂಜೆ

ಬೆಳಿಗ್ಗೆ ಆರೂವರೆಗೆ ಶೆಡ್ ತೆಗೆದೆ. ಎಂದಿನಂತೆ ಎಮ್ಮೆಯ ಹೊಟ್ಟೆಯಡಿ ಕೈ ಹಾಕಿ ಅಳೆದೆ — ಬ್ಲೇಡಿನ ಎಡತುದಿ, ಬಲತುದಿ, ನೆಲದಿಂದ ಎಷ್ಟೆತ್ತರ ಎಂದು. ಎಡ ಸ್ವಲ್ಪ ಇಳಿದಿತ್ತು. ಬೋಲ್ಟ್ ತಿರುಗಿಸಿ ಎತ್ತಿದೆ. ಸಮ ಆಯಿತು. ಹತ್ತಿ ಕೂತು ಕ್ಲಬ್ಬಿನ ಮೈದಾನಕ್ಕೆ ಹೊರಟೆ.

(ಹುಲ್ಲು ಕೊಯ್ಯುವ ಈ ಗಾಡಿಗೆ ಮ್ಯಾನೇಜರ್ ‘ರೈಡಿಂಗ್ ಮೋವರ್’ ಅನ್ನುತ್ತಾರೆ. ನನಗೆ ಎಮ್ಮೆ. ಮೇಯುವುದು ಅದರ ಕೆಲಸ, ಮೇಲೆ ಕೂರುವುದು ನನ್ನದು.)

ನಾಲ್ಕು ಸಾಲು ಹೊಡೆದು ಹಿಂದೆ ತಿರುಗಿ ನೋಡಿದೆ. ಪ್ರತಿ ಸಾಲಿನ ಎಡ ಅಂಚಿನಲ್ಲಿ ಹುಲ್ಲು ಎತ್ತರ. ಒಂದು ಬೆರಳಿನ ದಪ್ಪ ಹೆಚ್ಚು. ಕ್ಷೌರಿಕ ಅರ್ಧಕ್ಕೆ ಎದ್ದು ಹೋದ ತಲೆಯ ಹಾಗಿದೆ ಮೈದಾನ. ಇಪ್ಪತ್ತೆರಡು ವರ್ಷದಲ್ಲಿ ಹೀಗಾಗಿರಲಿಲ್ಲ.

ಶೆಡ್ಡಿನ ಹೊಸ ನೆಲ ಮಾತ್ರ ಚೆನ್ನಾಗಿದೆ. ಎಮ್ಮೆ ತೊಳೆದ ನೀರು ಈಗ ಕಾಲಡಿ ನಿಲ್ಲುವುದಿಲ್ಲ. ಗೋಡೆ ಪಕ್ಕದಲ್ಲೇ ಹರಿದು ಹೊರಗೆ ಹೋಗುತ್ತದೆ. ಗಾರೆಯವನಿಗೆ ಹಾಗೆ ಮಾಡು ಅಂತ ಹೇಳಿದ್ದು ನಾನೇ. ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ!

ತಾ. 4, ಮಂಗಳವಾರ

ಟೈರ್ ಗಾಳಿ ನೋಡಿದೆ. ನಾಲ್ಕೂ ಸರಿ. ಬ್ಲೇಡ್ ಬಿಚ್ಚಿ ಸಾಣೆ ಹಿಡಿದೆ. ಬಾಗಿದೆಯೇನೋ ಎಂದು ಮೇಜಿನ ಮೇಲಿಟ್ಟು ನೋಡಿದೆ — ನೆಟ್ಟಗಿದೆ. ಬ್ಲೇಡ್ ಮುಚ್ಚುವ ಕಬ್ಬಿಣದ ತಟ್ಟೆಯಡಿ ಅಂಟಿದ್ದ ಹಳೆ ಹುಲ್ಲನ್ನೆಲ್ಲ ಕೆರೆದು ತೆಗೆದೆ. ಒಂದು ಬುಟ್ಟಿ ಬಂತು.

ಓಡಿಸಿದೆ. ಅದೇ. ಎಡಗಡೆ ಒಂದು ಬೆರಳು.

ಊಟ ಸೇರಲಿಲ್ಲ. “ಹುಲ್ಲಿಗೋಸ್ಕರ ಅನ್ನ ಬಿಡೋ ಗಂಡಸನ್ನ ಇವತ್ತೇ ನೋಡಿದ್ದು” ಎಂದಳು ಇವಳು.

ತಾ. 6, ಗುರುವಾರ

ಕೋಚ್ ಮೇಡಂ ನೇರವಾಗಿ ನನ್ನ ಹತ್ತಿರವೇ ಬಂದರು. “ಬಾಲ್ ಒಂದೊಂದು ಕಡೆ ಒಂದೊಂದು ಥರ ಹೋಗ್ತಿದೆ. ಇಪ್ಪತ್ತೊಂಬತ್ತಕ್ಕೆ ಮ್ಯಾಚಿದೆ, ನೆನಪಿದೆಯಲ್ಲ?” ನೆನಪಿಲ್ಲದೆ ಏನು. ದಿನ ಎಣಿಸುತ್ತಿದ್ದೇನೆ.

ಸಂಜೆ ಮ್ಯಾನೇಜರೂ ಬಂದರು. ಬೂಟಿನ ತುದಿಯಿಂದ ಹುಲ್ಲನ್ನು ಆ ಕಡೆ ಈ ಕಡೆ ತಳ್ಳಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. “ಹೊರಗಡೆ ಕಂಪನಿಯವರು ಕೇಳ್ತಾ ಇದಾರೆ, ಇಡೀ ಕ್ಲಬ್ಬಿನ ಮೈದಾನ ನಾವೇ ನೋಡ್ಕೋತೀವಿ ಅಂತ” ಎಂದು ಸುಮ್ಮನೆ ಗಾಳಿಗೆ ಹೇಳಿದ ಹಾಗೆ ಹೇಳಿ ಹೋದರು.

ಐವತ್ತನಾಲ್ಕು ನನಗೆ. ಈ ವಯಸ್ಸಿನವನನ್ನು ಇನ್ನೊಂದು ಮೈದಾನದವರು ಕರೆಯುತ್ತಾರೆಯೆ?

ತಾ. 8, ಶನಿವಾರ

ಪುಟ್ಟ ಬಂದು ಸರ್ವಿಸ್ ಮಾಡಿ ಹೋದ. ಇವಳ ತಮ್ಮ. ವಯಸ್ಸು ಮೂವತ್ತೆಂಟು, ಮನೆಯಲ್ಲಿ ಈಗಲೂ ಪುಟ್ಟ. ಮೂರು ಕಡೆ ಕೆಲಸ ಬಿಟ್ಟವನು. ಕ್ಲಬ್ಬಿನ ಮೆಕ್ಯಾನಿಕ್ ಕೆಲಸ ಕೊಡಿ ಅಂತ ಮ್ಯಾನೇಜರ್ ಕೈಕಾಲು ಹಿಡಿದವನು ನಾನೇ. ಎರಡು ವರ್ಷ ಆಯಿತು. ಬಿಟ್ಟಿಲ್ಲ. ಅದೊಂದು ಹೆಮ್ಮೆ ಇವಳಿಗೆ — ಬಂದವರಿಗೆಲ್ಲ ಕಾಫಿಗಿಂತ ಮೊದಲು ತಮ್ಮನ ಸುದ್ದಿ ಕೊಡುತ್ತಾಳೆ.

ಎಮ್ಮೆಯನ್ನು ಪಾರ್ಕಿಂಗ್ ಜಾಗಕ್ಕೆ ಒಯ್ದು, ಮಟ್ಟ ನೋಡುವ ಲೆವೆಲ್ ಕಡ್ಡಿ ಇಟ್ಟು, ಒಂದು ಗಂಟೆ ಕೆಳಗೆ ಮಲಗಿದ್ದ. “ಎಡಗಡೆ ಎತ್ತರ ಆಗಿತ್ತು ಭಾವ, ಇಳಿಸಿದೀನಿ. ಈಗ ಕನ್ನಡಿ ಹಾಗೆ ಇದೆ” ಎಂದ.

ಇವತ್ತು ನಿದ್ದೆ ಬರಬಹುದು.

ತಾ. 10, ಸೋಮವಾರ

ಬೆಳಿಗ್ಗೆ ಅಳೆದೆ. ಕನ್ನಡಿಯಂತೆ ಕನ್ನಡಿ! ಎಡ ಒಂದು ಬೆರಳು ಇಳಿದಿದೆ. ಎತ್ತರ ಇತ್ತು ಅಂತ ಇಳಿಸಿದನಂತೆ. ನಾನು ಸಮ ಮಾಡಿಟ್ಟಿದ್ದನ್ನು ಕೆಡಿಸಿ ಹೋಗಿದ್ದಾನೆ. ಮತ್ತೆ ಬೋಲ್ಟ್ ತಿರುಗಿಸಿ ಸರಿ ಮಾಡಿಕೊಂಡು ಹೊರಟೆ.

ಅದೇ ಪಟ್ಟೆ. ಅದೇ ಎಡಗಡೆ. ಇನ್ನೇನನ್ನೋ ಸಡಿಲ ಬಿಟ್ಟಿರಬೇಕು ಇವನು... ಓಡುವಾಗ ಜಾರುತ್ತಿರಬೇಕು.

ತಾ. 11, ಮಂಗಳವಾರ

ಪುಟ್ಟನನ್ನು ಕರೆಸಿದೆ. ಹುಲ್ಲು ತೋರಿಸಿದೆ. ಕೂತು, ಎದ್ದು, ಮತ್ತೆ ಕೂತು ನೋಡಿದ.

“ನೀವೇನಾದ್ರೂ ಮುಟ್ಟಿದ್ರಾ ಭಾವ?”

“ನೀನು ಕೆಡಿಸಿದ್ದನ್ನ ಸರಿ ಮಾಡ್ದೆ ಅಷ್ಟೆ.”

ತಲೆ ಕೆರೆದುಕೊಂಡ. “ಹಾಗಾದ್ರೆ ಎಲ್ಲೋ ನೆಲದಲ್ಲೇ ಏನೋ ಇರ್ಬೇಕು ಭಾವ.” ಮೈದಾನದ ನೆಲವಂತೆ! ನಾನು ಇಪ್ಪತ್ತೆರಡು ವರ್ಷ ಅಂಗೈ ಸವರಿ ನೋಡಿಕೊಂಡ ನೆಲ. ರೇಗಿತು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದುಬಿಟ್ಟೆ. ಕೋಚ್ ಮೇಡಂ, ಆಟದ ಹುಡುಗಿಯರು ಎಲ್ಲ ಅಲ್ಲೇ ಇದ್ದರು. ನಕ್ಕರು. ಅವನೂ ನಕ್ಕ. ನಕ್ಕರೂ ಕಿವಿ ಕೆಂಪಾಗಿತ್ತು.

ತಾ. 15, ಶನಿವಾರ

ಪುಟ್ಟ ಮತ್ತೆ ಬಂದ, ಕರೆಯದೆಯೇ. ರಜೆಯ ದಿನ. ಬೇರಿಂಗ್ ಹೊಸದು ಹಾಕಿದ. ತಟ್ಟೆ ತೂಗುವ ಸರಳುಗಳನ್ನು ಬಿಚ್ಚಿ ಉಜ್ಜಿದ. ಪಾರ್ಕಿಂಗ್ ಜಾಗದಲ್ಲೇ ಲೆವೆಲ್ ಮಾಡಿದ. ಹೋಗುವಾಗ ಕೈ ಒರೆಸಿಕೊಳ್ಳುತ್ತ, ನನ್ನ ಮುಖ ನೋಡದೆ —

“ಒಂದೇ ಒಂದು ಸಲ ಅಳೀದೆ ಓಡಿಸಿ ನೋಡಿ ಭಾವ. ನನಗೋಸ್ಕರ.”

ಆಯ್ತು ಎಂದೆ.

ತಾ. 17, ಸೋಮವಾರ

ಅಳೆಯಬಾರದು ಎಂದೇ ಶೆಡ್ಡಿಗೆ ಬಂದೆ. ಹತ್ತಿ ಕೂತೆ. ಕೀಲಿ ತಿರುಗಿಸಿದೆ. ಆಗಲಿಲ್ಲ. ಸ್ನಾನ ಮಾಡದೆ ಊಟಕ್ಕೆ ಕೂತ ಹಾಗೆ. ಇಳಿದು ಕೈ ಹಾಕಿದೆ — ಎಡ ಒಂದು ಬೆರಳು ಇಳಿದಿದೆ! ಮೂರನೇ ಸಲ. ಇವನ ಲೆವೆಲ್ ಕಡ್ಡಿಗೆ ಮದ್ದರೆಯಬೇಕು. ಎತ್ತಿ ಸಮ ಮಾಡಿದೆ. ಓಡಿಸಿದೆ. ಪಟ್ಟೆ.

ಹನ್ನೊಂದಕ್ಕೆ ಮ್ಯಾನೇಜರ್ ಕರೆಸಿದರು. “ಇನ್ನು ಹನ್ನೆರಡು ದಿನಕ್ಕೆ ಮ್ಯಾಚು. ತೊಂದರೆ ಮೆಷಿನ್ನಿಂದೋ, ಮೆಕ್ಯಾನಿಕ್ಕಿಂದೋ, ನಿಮ್ಮಿಂದೋ? ನನಗೆ ಒಂದು ಉತ್ತರ ಬೇಕು.”

‘ನಿಮ್ಮಿಂದೋ’ ಅಂದಾಗ ಅವರ ಕಣ್ಣು ನನ್ನ ಮೇಲೇ ಇತ್ತು. “ಅಳತೆ ನಾನು ಸರಿಯಾಗೇ ಇಡ್ತೀನಿ ಸರ್. ಸರ್ವಿಸ್ ಆದ ಮೇಲೆ ಪ್ರತಿ ಸಲ ಕೆಟ್ಟಿರುತ್ತೆ” ಎಂದೆ.

“ಬರೆದು ಕೊಡಿ. ಯಾರು ಕೊಟ್ಟಿದ್ದು ಅಂತ ನಾನು ಹೇಳಲ್ಲ.”

ಬರೆದುಕೊಟ್ಟೆ. ಐದು ಸಾಲು. ಸುಳ್ಳು ಒಂದಕ್ಷರವೂ ಇಲ್ಲ. ಸಹಿಯನ್ನೂ ಹಾಕಿದೆ.

ತಾ. 18, ಮಂಗಳವಾರ

ಇವಳು ಕೇಳಿದಳು, “ಯಾಕ್ರೀ ಮುಖ ಹಾಗೆ?” ಹಲ್ಲುನೋವು ಎಂದೆ. ಲವಂಗ ತಂದುಕೊಟ್ಟಳು. ಇಲ್ಲದ ನೋವಿಗೆ ಲವಂಗ ಕಚ್ಚಿಕೊಂಡು ಕೂತಿದ್ದೇನೆ.

ತಾ. 20, ಗುರುವಾರ

ಪುಟ್ಟನಿಗೆ ಆಫೀಸಿನಿಂದ ಹೇಳಿದ್ದಾರೆ, ಒಂದನೇ ತಾರೀಕಿನಿಂದ ಬರುವುದು ಬೇಡ ಎಂದು. ಕಾರಣ ‘ಕೆಲಸದಲ್ಲಿ ಅಜಾಗ್ರತೆ’.

ಸಂಜೆ ಮನೆಗೆ ಬಂದ. ಅಕ್ಕ ಬಡಿಸಿದಳು, ಅವನು ಉಣ್ಣಲಿಲ್ಲ. “ಯಾರೋ ಬರೆದು ಕೊಟ್ಟಿದಾರಂತೆ. ಯಾವ ಪುಣ್ಯಾತ್ಮನೋ, ಅವನ ಕೈ ಸೇದಿಹೋಗ” ಎಂದಳು ಇವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನಾನು ನನ್ನ ಕೈಯನ್ನೇ ನೋಡಿಕೊಂಡೆ.

ಪುಟ್ಟ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಟ್ಟೆ ನೋಡುತ್ತ ಮೆಲ್ಲಗೆ ಹೇಳಿದ, “ಬರೆದೋರದ್ದೇನೂ ತಪ್ಪಿಲ್ಲ ಬಿಡು ಅಕ್ಕ. ಎರಡು ಸಲ ಮಾಡಿದೀನಿ, ಎರಡು ಸಲಾನೂ ಡೊಂಕು. ನನ್ನ ಕೈನೇ ಸರಿಯಿಲ್ಲ ಅನ್ಸುತ್ತೆ. ಇನ್ಮೇಲೆ ಸ್ಪ್ಯಾನರ್ ಹಿಡಿಯಲ್ಲ. ಎಲ್ಲಾದ್ರೂ ವಾಚ್‌ಮನ್ ಕೆಲಸ ಇದ್ರೆ ನೋಡಿ ಭಾವ.”

ನೋಡೋಣ ಎಂದೆ.

ತಾ. 22, ಶನಿವಾರ, ಮಧ್ಯಾಹ್ನ

ಎಮ್ಮೆ ತೊಳೆದೆ. ಗೋಡೆ ಪಕ್ಕದ ನೀರು ಹೋಗುವ ತೂತಿಗೆ ಹುಲ್ಲು ಕಟ್ಟಿಕೊಂಡು ನೀರು ನಿಂತಿತ್ತು. ಕಡ್ಡಿ ತರಲು ಎದ್ದವನು ಹಾಗೇ ನಿಂತುಬಿಟ್ಟೆ.

ಎಡಚಕ್ರ ಎರಡೂ ನೀರಲ್ಲಿ. ಬಲಚಕ್ರಗಳ ಕೆಳಗೆ ನೀರೇ ಇಲ್ಲ.

ನಾನು ಎಮ್ಮೆಯನ್ನು ಯಾವತ್ತೂ ಎಡಚಕ್ರ ಗೋಡೆಗೆ ತಾಗಿಸಿ ನಿಲ್ಲಿಸುತ್ತೇನೆ. ಒಂದು ಕೂದಲು ಆಚೆ ಈಚೆ ಇಲ್ಲ. ಗೋಡೆಯುದ್ದಕ್ಕೂ ಗೇಣಗಲ ತಗ್ಗು ಮಾಡಿಸಿದವನೂ ನಾನೇ, ನೀರು ಹೋಗಲಿ ಅಂತ. ನೇರವಾದ ಮರದ ಪಟ್ಟಿ ಇಟ್ಟು ನೋಡಿದೆ. ತಗ್ಗು ಒಂದು ಬೆರಳು.

ಚಕ್ರ ತಗ್ಗಿನಲ್ಲಿ. ಬ್ಲೇಡಿನ ತುದಿ ಚಕ್ರದಿಂದ ನಾಲ್ಕು ಬೆರಳು ಒಳಗೆ, ಮಟ್ಟಸ ನೆಲದ ಮೇಲೆ. ಎಮ್ಮೆ ಎಡಕ್ಕೆ ವಾಲಿದರೆ ಬ್ಲೇಡಿನ ಎಡತುದಿ ನೆಲಕ್ಕೆ ಹತ್ತಿರ ಬರದೆ ಇನ್ನೇನಾಗುತ್ತದೆ? ಇಳಿದಿದೆ ಅಂತ ನಾನು ಎತ್ತಿದೆ. ಮೈದಾನಕ್ಕೆ ಹೋದರೆ ಎಡಗಡೆ ಎತ್ತರ. ಅವನು ಸರಿ ಮಾಡಿದ, ನಾನು ಕೆಡಿಸಿದೆ. ಅವನು ಸರಿ ಮಾಡಿದ, ನಾನು ಕೆಡಿಸಿದೆ. ಎರಡು ಸಲವೂ.

ಪಾರ್ಕಿಂಗ್ ಜಾಗಕ್ಕೆ ಒಯ್ದು ಅಲ್ಲಿ ಸಮ ಮಾಡಿದೆ. ಶೆಡ್ಡಿಗೆ ತರದೆ ನೇರ ಮೈದಾನಕ್ಕೆ ಓಡಿಸಿದೆ. ಒಂದೇ ಸಾಲು. ಹಿಂದೆ ತಿರುಗಿ ನೋಡಲು ಹೆದರಿಕೆ. ನೋಡಿದೆ. ನೀಟು. ಇಸ್ತ್ರಿ ಹೊಡೆದ ಹಾಗೆ.

ಅಲ್ಲೇ ಸೀಟಿನ ಮೇಲೆ ಕೂತು ಅತ್ತೆ. ಇಂಜಿನ್ ಓಡುತ್ತಲೇ ಇತ್ತು, ಯಾರಿಗೂ ಕೇಳಿಸಲಿಲ್ಲ.

ನೆಲ ಡೊಂಕೇ ಇತ್ತು. ಅವನು ಹೇಳಿದ್ದ. ಎಲ್ಲೋ ನೆಲದಲ್ಲೇ ಏನೋ ಇದೆ ಭಾವ ಅಂತ.

ತಾ. 23, ಭಾನುವಾರ

ಒಂದು ಸಣ್ಣ ಚೀಲ ಸಿಮೆಂಟು ತಂದು ಶೆಡ್ಡಿನಲ್ಲಿಟ್ಟಿದ್ದೇನೆ. ತಗ್ಗು ತುಂಬಿಸಿಬಿಟ್ಟರೆ ಮುಗಿಯಿತು. ಅರ್ಧ ಗಂಟೆ ಕೆಲಸ. ಮ್ಯಾಚಿನ ಹೊತ್ತಿಗೆ ಹುಲ್ಲು ಸರಿಯಾಗುತ್ತದೆ, ಪುಟ್ಟ ಮುಟ್ಟುವುದು ಬಿಟ್ಟ ಮೇಲೆ ಸರಿಯಾಯಿತು ನೋಡಿ ಎನ್ನುತ್ತಾರೆ. ನನ್ನ ಕೆಲಸ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ.

ಕರಣೆ ತೆಗೆದುಕೊಂಡು ಎರಡು ಸಲ ಕೂತೆ. ಎರಡು ಸಲ ಎದ್ದೆ.

ಮನೆಗೆ ಬಂದರೆ ಪುಟ್ಟ ಜಗಲಿಯ ಮೇಲೆ ತನ್ನ ಸ್ಪ್ಯಾನರುಗಳನ್ನು ಸಾಲಾಗಿ ಹರಡಿಕೊಂಡು ಎಣ್ಣೆ ಹಚ್ಚುತ್ತಿದ್ದ. ಮಾರಿಬಿಡುತ್ತಾನಂತೆ. ತುಕ್ಕು ಹಿಡಿದದ್ದನ್ನು ಕೊಟ್ಟರೆ ತೆಗೆದುಕೊಂಡವನಿಗೆ ಮೋಸ ಆಗುತ್ತದಂತೆ. ಇವಳು ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. “ನೀವಾದ್ರೂ ಹೇಳ್ರೀ, ನಿಮ್ಮ ಮಾತು ಕೇಳ್ತಾನೆ.”

ಏನು ಹೇಳಲಿ? ನಾಳೆ ಏಳೂವರೆಗೆ ಶೆಡ್ಡಿಗೆ ಬಾ, ಲೆವೆಲ್ ಕಡ್ಡಿ ತಗೊಂಡ್ ಬಾ ಎಂದೆ.

“ಮತ್ತೇನ್ ತಪ್ಪಾಯ್ತು ಭಾವ?” ಎಂದ.

ತಾ. 24, ಸೋಮವಾರ, ಬೆಳಿಗ್ಗೆ 6.40

ಮ್ಯಾನೇಜರಿಗೆ ಇನ್ನೊಂದು ಕಾಗದ ಬರೆದೆ. ಜೇಬಿನಲ್ಲಿದೆ. ಮೊದಲನೆಯದು ಐದು ಸಾಲು, ಇದು ಎರಡು ಪುಟ. ಒಂಬತ್ತಕ್ಕೆ ಬರುತ್ತಾರೆ. ಓದಿ ನನ್ನನ್ನೂ ಹೋಗು ಅನ್ನಬಹುದು. ಅನ್ನಲಿ... ಅನ್ನಲಿ ಎಂದು ಬರೆಯುವುದು ಸುಲಭ.

ಎಮ್ಮೆಯನ್ನು ಎಂದಿನ ಜಾಗದಲ್ಲೇ ನಿಲ್ಲಿಸಿದ್ದೇನೆ. ಗೋಡೆಗೆ ತಾಗಿಸಿ. ತೂತಿಗೆ ಬಟ್ಟೆ ತುರುಕಿ ಒಂದು ಬಕೆಟ್ ನೀರು ಸುರಿದೆ. ಅವನು ಬರುತ್ತಾನೆ, ಚಕ್ರ ನೋಡುತ್ತಾನೆ. ಅವನಿಗೇ ಹೊಳೆಯುತ್ತದೆ. ನಾನೂ ಆಗಲೇ ಕಂಡವನ ಹಾಗೆ “ಅಯ್ಯೋ ನೋಡೋ ಪುಟ್ಟ!” ಎನ್ನುವುದು. ಇಬ್ಬರೂ ತಲೆ ಚಚ್ಚಿಕೊಂಡು ನಗುವುದು.

7.10

ಬಟ್ಟೆ ಕಿತ್ತು ತೆಗೆದೆ. ನೀರು ಹೋಯಿತು. ಉಳಿದದ್ದನ್ನು ಗೋಣಿಚೀಲದಿಂದ ಒರೆಸಿದೆ.

ನೀರು ನೆಲದ ಕಥೆ ಹೇಳುತ್ತದೆ. ಕಾಗದದ ಕಥೆ ಹೇಳುವುದಿಲ್ಲ. ಅಳೆಯುವುದಿಲ್ಲ ಅಂತ ಮಾತು ಕೊಟ್ಟು ಅಳೆದದ್ದನ್ನೂ ಹೇಳುವುದಿಲ್ಲ. ಎಲ್ಲರೆದುರು ಗಾದೆ ಹೇಳಿ ನಗಿಸಿದ್ದನ್ನೂ.

ಕೈ ತಣ್ಣಗಿದೆ. ಸಿಮೆಂಟ್ ಚೀಲದ ಮೇಲೆ ಕೂತು ಬರೆಯುತ್ತಿದ್ದೇನೆ.

7.25

ಗೇಟಿನಲ್ಲಿ ಸ್ಕೂಟರ್ ನಿಂತಿತು. ಐದು ನಿಮಿಷ ಮೊದಲೇ ಬಂದಿದ್ದಾನೆ. ಕಂಕುಳಲ್ಲಿ ಲೆವೆಲ್ ಕಡ್ಡಿ, ಒಗೆದ ಬಟ್ಟೆ ಸುತ್ತಿದೆ. ನನ್ನನ್ನು ಕಂಡು ಕೈ ಎತ್ತಿದ.

ಪುಟ್ಟ, ಬರೆದದ್ದು ನಾನು. ಹೀಗೇ ಶುರು ಮಾಡಬೇಕು. ನೆಲದ ಮಾತು ಆಮೇಲೆ. ಮೊದಲು ಇದು. ಪುಟ್ಟ, ಬರೆದದ್ದು